ತಂತಿಯಲ್ಲಿ ವಿದ್ಯುತ್ ಹರಿದರೂ ದಿಕ್ಸೂಚಿಯ ಸೂಜಿ ತಿರುಗುತ್ತಿಲ್ಲ

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ):
ಹತ್ತನೇ ತರಗತಿಯವರಿಗೆ ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳ ಪಾಠಕ್ಕಾಗಿ, ಎರಡು ಸೆಲ್, ಸ್ವಿಚ್ ಹಾಗೂ ಟಾರ್ಚ್ ಬಲ್ಬನ್ನು ಸರಣಿಯಲ್ಲಿ ಜೋಡಿಸಿ, ಮೇಜಿನ ಉದ್ದಕ್ಕೂ ಬಿಗಿದ ತಂತಿಯ ಕೆಳಗೆ ದಿಕ್ಸೂಚಿಯನ್ನು ಇಟ್ಟಿದ್ದೇನೆ. ಬಲ್ಬು ಉರಿಯುತ್ತದೆ, ಸೂಜಿ ಮಾತ್ರ ಕದಲುವುದಿಲ್ಲ. ಕಿಟ್‌ನ ಕೆಲವು ದಿಕ್ಸೂಚಿಗಳಂತೂ ಉತ್ತರಕ್ಕೆ ಬದಲಾಗಿ ದಕ್ಷಿಣವನ್ನು ತೋರಿಸುತ್ತಿವೆ. ಇದೇ ಪಾಠದಲ್ಲಿ ಸೂರ್ಯನ ಕಾಂತತ್ವವನ್ನೂ ಪರಿಚಯಿಸಬೇಕೆಂದಿದ್ದೇನೆ; ಉಪಯುಕ್ತ ಸಾಮಗ್ರಿಗಳಿದ್ದರೆ ದಯವಿಟ್ಟು ತಿಳಿಸಿ.

ಉತ್ತರ:
ಮೇಡಂ, ತಂತಿ ಯಾವ ದಿಕ್ಕಿಗಿದೆ? ಮೇಜು ಮರದ್ದೋ, ಕಬ್ಬಿಣದ್ದೋ?

ಶಿಕ್ಷಕಿ:
ತಂತಿ ಪೂರ್ವ-ಪಶ್ಚಿಮವಾಗಿದೆ ಸರ್. ಮೇಜಿನ ಚೌಕಟ್ಟು ಉಕ್ಕಿನದು.

ಉತ್ತರ:
ಹಾಗಿದ್ದರೆ ಮುಖ್ಯ ಕಾರಣ ತಂತಿಯ ದಿಕ್ಕೇ. ಪೂರ್ವ-ಪಶ್ಚಿಮವಾಗಿರುವ ತಂತಿಯ ಕೆಳಗೆ ಉಂಟಾಗುವ ಕಾಂತಕ್ಷೇತ್ರವು ಉತ್ತರಕ್ಕೋ ದಕ್ಷಿಣಕ್ಕೋ ಇರುವುದರಿಂದ, ಮೊದಲೇ ಉತ್ತರ-ದಕ್ಷಿಣವಾಗಿ ನಿಂತ ಸೂಜಿಯನ್ನು ಅದು ಪಕ್ಕಕ್ಕೆ ಎಳೆಯುವುದಿಲ್ಲ. ತಂತಿಯನ್ನು ಸೂಜಿಗೆ ಸಮಾಂತರವಾಗಿ, ಅಂದರೆ ಉತ್ತರ-ದಕ್ಷಿಣವಾಗಿ, ಬಿಗಿಯಿರಿ.

ಎರಡನೆಯದು ಪ್ರವಾಹದ ಪ್ರಮಾಣ. ಒಂದು ಆಂಪಿಯರ್ ಹರಿಯುವ ನೇರ ತಂತಿಯಿಂದ 1 ಸೆಂ.ಮೀ. ದೂರದಲ್ಲಿ 20 ಮೈಕ್ರೊಟೆಸ್ಲಾ ಕ್ಷೇತ್ರವಿರುತ್ತದೆ. ನಮ್ಮ ಭಾಗದಲ್ಲಿ ಭೂಕಾಂತಕ್ಷೇತ್ರದ ಸಮತಲ ಅಂಶವೇ ಸುಮಾರು 40. ಟಾರ್ಚ್ ಬಲ್ಬು ಸುಮಾರು 0.3 ಆಂಪಿಯರ್‌ ಮಾತ್ರ ಹರಿಯಗೊಡುವುದರಿಂದ ಸೂಜಿ ಎಂಟು-ಒಂಬತ್ತು ಡಿಗ್ರಿ ತಿರುಗಿದರೆ ಹೆಚ್ಚು, ಹಿಂದಿನ ಬೆಂಚಿನವರಿಗೆ ಅದು ಕಾಣುವುದೇ ಇಲ್ಲ. ಬಲ್ಬು ಹಾಗೆಯೇ ಇರಲಿ. ದಿಕ್ಸೂಚಿಯ ಮೇಲಿಂದ ಕೆಳಕ್ಕೆ, ಉತ್ತರ-ದಕ್ಷಿಣವಾಗಿ ಹತ್ತು ಸುತ್ತು ತಂತಿ ಸುತ್ತಿ. ಮೇಲಿನ ಮತ್ತು ಕೆಳಗಿನ ಎಳೆಗಳು ಸೂಜಿಯನ್ನು ಒಂದೇ ಕಡೆಗೆ ಎಳೆಯುವುದರಿಂದ ಅದು ಬಹುತೇಕ ಅಡ್ಡಲಾಗಿ ನಿಲ್ಲುತ್ತದೆ. ಉಕ್ಕು ಕೂಡ ಸೂಜಿಯನ್ನು ಎಳೆಯುವುದರಿಂದ, ಉಕ್ಕಿನ ಮೇಜನ್ನು ಬಿಟ್ಟು ಮರದ ಸ್ಟೂಲ್ ಬಳಸಿ.

ದಕ್ಷಿಣ ತೋರಿಸುವ ದಿಕ್ಸೂಚಿಗಳು ದಂಡಕಾಂತಗಳ ಜೊತೆ ಒಂದೇ ಡಬ್ಬಿಯಲ್ಲಿದ್ದು ಧ್ರುವ ಬದಲಾಯಿಸಿಕೊಂಡಿರುತ್ತವೆ. ಪ್ರಬಲ ಕಾಂತದ ದಕ್ಷಿಣ ಧ್ರುವವನ್ನು, ಸೂಜಿಯ ಉತ್ತರವೆಂದು ಗುರುತಿಸಿದ ತುದಿಯ ಕಡೆಗೆ ಗಾಜಿನ ಮೇಲೆಯೇ ಕೆಲವು ಬಾರಿ ಎಳೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಶಿಕ್ಷಕಿ:
ಪಂಪ್‌ಸೆಟ್ ರಿವೈಂಡಿಂಗ್ ಅಂಗಡಿಯಿಂದ ತಾಮ್ರದ ತಂತಿ ತಂದು ಸುತ್ತಿದೆ. ಈಗ ಬಲ್ಬೂ ಉರಿಯುತ್ತಿಲ್ಲ.

ಉತ್ತರ:
ಆ ತಂತಿಯ ಮೇಲೆ ವಾರ್ನಿಷ್ ಲೇಪವಿರುತ್ತದೆ. ತಾಮ್ರದ ಬಣ್ಣವೇ ಕಾಣುವುದರಿಂದ ಬರಿಯ ತಂತಿಯೆಂದು ಭಾಸವಾಗುತ್ತದೆ. ಎರಡೂ ತುದಿಗಳನ್ನು ಒಂದಂಗುಲದಷ್ಟು, ಸುತ್ತಲೂ ತಿರುಗಿಸುತ್ತಾ, ತಿಳಿಗೆಂಪು ಹೊಳಪು ಬರುವವರೆಗೆ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ. ನಡುವಿನ ಲೇಪ ಹಾಗೆಯೇ ಇರಬೇಕು.

ಶಿಕ್ಷಕಿ:
ಉಜ್ಜಿದ ಮೇಲೆ ಸೂಜಿ ಚೆನ್ನಾಗಿ ತಿರುಗಿತು. ಸೆಲ್ ತಿರುಗಿಸಿ ಹಾಕಿದಾಗ ಎದುರು ದಿಕ್ಕಿಗೆ ಹೊರಳಿತು. ಧನ್ಯವಾದಗಳು. ಸೂರ್ಯನ ವಿಷಯ ಉಳಿಯಿತು.

ಉತ್ತರ:
ಸೌರಕಲೆಗಳಿಂದ, ಅಂದರೆ ಸೂರ್ಯನ ಮೇಲೆ ಕಾಣುವ ಕಪ್ಪು ಕಲೆಗಳಿಂದ, ಆರಂಭಿಸುವುದು ಒಳ್ಳೆಯದು. ಅವು ಪ್ರಬಲ ಕಾಂತಕ್ಷೇತ್ರದ ಪ್ರದೇಶಗಳೆಂದು 1908ರಲ್ಲಿ ಅಮೆರಿಕದ ಖಗೋಳವಿಜ್ಞಾನಿ ಹೇಲ್ ಕಂಡುಕೊಂಡರು. ಕೊಡೈಕೆನಾಲ್ ಸೌರ ವೀಕ್ಷಣಾಲಯದ ಶತಮಾನಕ್ಕೂ ಹಳೆಯ ಚಿತ್ರಗಳು ಡಿಜಿಟಲ್ ರೂಪದಲ್ಲಿ ಸಿಗುತ್ತವೆ; ಕೆಲವು ದಿನಗಳ ಚಿತ್ರಗಳನ್ನು ಸಾಲಾಗಿಟ್ಟು ಕಲೆಗಳ ಚಲನೆಯನ್ನು ಮಕ್ಕಳೇ ಅಳೆಯಬಹುದು. ಸಣ್ಣ ರಂಧ್ರದ ಕಾಗದ ಅಂಟಿಸಿದ ಕನ್ನಡಿಯಿಂದ 10 ಮೀಟರ್ ದೂರದ ಕತ್ತಲೆ ಗೋಡೆಗೆ ಬಿಸಿಲು ಹಾಯಿಸಿದರೆ ಸುಮಾರು 9 ಸೆಂ.ಮೀ. ಅಗಲದ ಸೂರ್ಯಬಿಂಬ ಮೂಡುತ್ತದೆ, ಆದರೆ ತೀರ ದೊಡ್ಡ ಕಲೆಗಳಷ್ಟೇ ಅದರಲ್ಲಿ ಕಾಣಬಹುದು. ಕನ್ನಡಿಯನ್ನಾಗಲಿ ಸೂರ್ಯನನ್ನಾಗಲಿ ಯಾರೂ ನೇರವಾಗಿ ನೋಡದಂತೆ ಎಚ್ಚರ ವಹಿಸಿ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ (PhET) ಸಿಮ್ಯುಲೇಷನ್‌ಗಳು, ಅಂದರೆ ಪ್ರಯೋಗಗಳನ್ನು ಕಂಪ್ಯೂಟರ್ ಪರದೆಯ ಮೇಲೆ ಮಾಡಿ ನೋಡುವ ಮಾದರಿಗಳು, ಕನ್ನಡದಲ್ಲೂ ಇವೆ. ಆದರೆ ನಿಜವಾದ ಸೂಜಿ ತಿರುಗಿದ ನಂತರವೇ ಅವುಗಳನ್ನು ತೋರಿಸುವುದು ಸೂಕ್ತವೆಂದು ನನ್ನ ಅಭಿಪ್ರಾಯ.

ನಿಮ್ಮ ಉಕ್ಕಿನ ಮೇಜಿನ ತೊಂದರೆಯನ್ನೇ ಸೂರ್ಯನ ಅಧ್ಯಯನಕ್ಕೆಂದು ಭಾರತ ಕಳುಹಿಸಿದ ಆದಿತ್ಯ-ಎಲ್1ಕ್ಕೆ ಜೋಡಿಸಬಹುದು. 2023ರ ಸೆಪ್ಟೆಂಬರ್ 2ರಂದು ಉಡಾವಣೆಯಾದ ಈ ನೌಕೆಯ ಕಾಂತಮಾಪಕವು 6 ಮೀಟರ್ ಉದ್ದದ ತೋಳಿನ ಮೇಲಿದೆ. ಅಷ್ಟು ದೂರ ಏಕೆಂದು ತರಗತಿಯಲ್ಲಿ ಕೇಳಿ ನೋಡಿ. ನೌಕೆಯ ಸ್ವಂತ ವಿದ್ಯುತ್ ಮಂಡಲಗಳೂ ಕಾಂತಕ್ಷೇತ್ರ ಉಂಟುಮಾಡುತ್ತವೆ ಎಂಬ ಉತ್ತರವನ್ನು, ಸ್ಟೂಲ್ ಬದಲಾಯಿಸಿದ್ದನ್ನು ಕಂಡ ಮಕ್ಕಳು ತಾವೇ ಹೇಳಬಲ್ಲರು.