ಗ್ರಾಫ್‌ನಲ್ಲಿ 2017ಕ್ಕೆ ಎಲ್ಲಾ ದೇಶಗಳೂ ಒಮ್ಮೆಲೇ ಜಿಗಿಯುತ್ತಿವೆ, ಯಾಕೆ?

ಕೆಲಗೇರಿ_ಕೆರೆ: ಮೂರು ದಿನದಿಂದ ಇದರ ಹಿಂದೆ ಬಿದ್ದು ಸಾಕಾಗಿದೆ. ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ನಮ್ಮ ಧಾರವಾಡದ ಶಾಲೆಯ ಗೋಡೆಗೆ ಒಂದು ಗ್ರಾಫ್ ಮಾಡುತ್ತಿದ್ದೇನೆ. ಯಾವ ದೇಶದಿಂದ ವರ್ಷಕ್ಕೆ ಎಷ್ಟು ವಿಜ್ಞಾನ ಪ್ರಬಂಧ ಬರುತ್ತವೆ ಅಂತ, 2003ರಿಂದ ಈಚೆಗೆ. 2016ರವರೆಗೆ ಗೆರೆ ಚೆನ್ನಾಗಿದೆ. 2017ಕ್ಕೆ ಎಲ್ಲವೂ ಮೇಲಕ್ಕೆ ಹಾರುತ್ತವೆ. ದಕ್ಷಿಣ ಕೊರಿಯಾದ ಗೆರೆ ಅಲ್ಲೇ ತುಂಡಾಗುತ್ತದೆ. ಲಿಬ್ರೆಆಫೀಸ್‌ನ ಸ್ಪ್ರೆಡ್‌ಶೀಟ್ ತಂತ್ರಾಂಶ ಕ್ಯಾಲ್ಕ್‌ನಲ್ಲಿ ಮಾಡಿದ್ದು. ನಾಳಿದ್ದು ಹುಬ್ಬಳ್ಳಿಯಲ್ಲಿ ಫ್ಲೆಕ್ಸ್ ಪ್ರಿಂಟಿಗೆ ಕೊಡಬೇಕು. ಯಾರಾದ್ರೂ ಹೇಳಿ, ಮಕ್ಕಳ ಎದುರು ತಪ್ಪು ಗ್ರಾಫ್ ಹಾಕಲು ಮನಸ್ಸಿಲ್ಲ.

ಉಣಕಲ್_ಕ್ರಾಸ್: ಇದು ಕಾಮಾ ಸಮಸ್ಯೆ ರೀ ಅಕ್ಕೋರೆ. ವಿಶ್ವಬ್ಯಾಂಕಿನ ಸಿಎಸ್‌ವಿ ಫೈಲ್ ಅಲ್ವಾ, ಕಾಮಾ ಹಾಕಿ ಕಾಲಂ ಬೇರ್ಪಡಿಸುವಂಥದ್ದು? ಅದರಲ್ಲಿ ಕೊರಿಯಾ ಹೆಸರು ‘ಕೊರಿಯಾ, ರೆಪ್.’ ಅಂತ ಇರುತ್ತದೆ. ಆ ಕಾಮಾದಿಂದ ಕಾಲಂ ಒಂದು ಮನೆ ಸರಿಯುತ್ತದೆ. ಇಂಪೋರ್ಟ್ ಮಾಡುವಾಗ ಡಿಲಿಮಿಟರ್‌ನಲ್ಲಿ (ಒಂದು ಹೆಸರು ಎಲ್ಲಿ ಶುರು, ಎಲ್ಲಿ ಮುಗಿತು ಅಂತ ತೋರಿಸುವ ಚಿಹ್ನೆ) ಡಬಲ್ ಕೋಟ್ ಇದೆಯಾ ನೋಡಿ.

ಕೆಲಗೇರಿ_ಕೆರೆ: ಇದೆ. ಕಾಲಂ ಸರಿದಿಲ್ಲ.

ಉಣಕಲ್_ಕ್ರಾಸ್: ಹಾಗಾದ್ರೆ ಮೇಲಿನ ನಾಲ್ಕು ಸಾಲು ತೆಗೆದಿಲ್ಲ. ಐದನೇ ಸಾಲಿನಿಂದ ಇಂಪೋರ್ಟ್ ಮಾಡಿ. ಆಗದಿದ್ದರೆ ಲೊಕೇಲ್ (ಭಾಷೆ, ದೇಶದ ಸೆಟ್ಟಿಂಗ್) ಬದಲಿಸಿ. ಆಗಲೂ ಆಗದಿದ್ದರೆ ನೋಟ್‌ಪ್ಯಾಡ್‌ನಲ್ಲಿ ಕಾಮಾಗಳನ್ನು ಕೈಯಿಂದಲೇ ತೆಗೆಯಿರಿ. ಸಿಎಸ್‌ವಿ ಕೆಟ್ಟಿತು ಅಂದ್ರೆ ಕಾಮಾನೇ.

ಹಾವೇರಿ_ಏಲಕ್ಕಿ: ಕ್ಯಾಲ್ಕ್ ಬಿಟ್ಟು ಓಪನ್‌ಅಲೆಕ್ಸ್ ಅನ್ನುವ ಪ್ರಬಂಧಗಳ ಮುಕ್ತ ಡೇಟಾಬೇಸ್‌ಗೆ ಬನ್ನಿ. 2022ರಲ್ಲಿ ಶುರುವಾಗಿದೆ, ದುಡ್ಡು ಕೊಡಬೇಕಿಲ್ಲ. ನಾನು ಪೂರ್ತಿ ಇಳಿಸಿಕೊಂಡಿದ್ದೇನೆ. ಒಂದು ಎಚ್ಚರಿಕೆ: ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಪಾಂಡಾಸ್ ಅನ್ನುವ ಲೈಬ್ರರಿಯಲ್ಲಿ ಓದಿದರೆ ನಮೀಬಿಯಾ ಮಾಯವಾಗುತ್ತದೆ. ಅದರ ಕೋಡ್ ‘ಎನ್‌ಎ’. ಪಾಂಡಾಸ್ ಅದನ್ನು ಖಾಲಿ ಮನೆ ಅಂತ ಓದುತ್ತದೆ. ನನಗೆ ಒಂದು ವಾರ ಹಿಡಿಯಿತು ಇದು ಗೊತ್ತಾಗಲು.

ಉಣಕಲ್_ಕ್ರಾಸ್: ನಮೀಬಿಯಾ ಇಲ್ಲಿ ಯಾರು ಕೇಳಿದ್ದಾರೆ? ಅವರಿಗೆ ನಾಳಿದ್ದು ಪ್ರಿಂಟ್ ಇದೆ.

ಗದಗ_ಬೆಟಗೇರಿ: ಅಕ್ಕೋರೆ, ಒಂದೇ ಪ್ರಶ್ನೆ. 2017ರಿಂದ ಮುಂದಿನ ಅಂಕಿ ಎಲ್ಲಿಂದ ತಂದಿರಿ? ಯಾವ ದೇಶ ಜಾಸ್ತಿ ಹಾರಿದೆ?

ಕೆಲಗೇರಿ_ಕೆರೆ: ವಿಶ್ವಬ್ಯಾಂಕಿನ ಫೈಲ್ 2018ರಲ್ಲಿ ಇಳಿಸಿಟ್ಟಿದ್ದು, 2016ಕ್ಕೆ ನಿಂತಿತ್ತು. ಮುಂದಿನದು ಸೈಮಾಗೋ ಅನ್ನುವ, ದೇಶವಾರು ಪ್ರಬಂಧ ಎಣಿಸುವ ಜಾಲತಾಣದ್ದು. ಎರಡೂ ಸ್ಕೋಪಸ್ ಅನ್ನುವ ಪ್ರಬಂಧಗಳ ಡೇಟಾಬೇಸ್‌ನಿಂದಲೇ ಬರುವುದಲ್ವಾ, ಅದಕ್ಕೇ ಹೇಳಲಿಲ್ಲ. ಬ್ರಿಟನ್, ಸ್ವಿಟ್ಜರ್ಲೆಂಡ್ ಹೆಚ್ಚುಕಡಿಮೆ ಎರಡು ಪಟ್ಟು ಆಗಿವೆ. ಚೀನಾ, ಭಾರತ ಅಷ್ಟಿಲ್ಲ.

ಗದಗ_ಬೆಟಗೇರಿ: ಸಿಕ್ಕಿತು ನೋಡಿ. ಸ್ಕೋಪಸ್ ಒಂದೇ, ಎಣಿಸುವ ರೀತಿ ಬೇರೆ. ವಿಶ್ವಬ್ಯಾಂಕಿನ ಅಂಕಿ ಅಮೆರಿಕದ ಎನ್‌ಎಸ್‌ಎಫ್ (ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ) ಎಣಿಸಿಕೊಟ್ಟಿದ್ದು. ಅವರು ಪಾಲು ಹಾಕುತ್ತಾರೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಒಬ್ಬರು, ಜ್ಯೂರಿಕ್‌ನ ಒಬ್ಬರು ಸೇರಿ ಒಂದು ಪ್ರಬಂಧ ಬರೆದರು ಅನ್ನಿ. ಭಾರತಕ್ಕೆ ಅರ್ಧ, ಸ್ವಿಟ್ಜರ್ಲೆಂಡಿಗೆ ಅರ್ಧ. ಸೈಮಾಗೋದಲ್ಲಿ ಎರಡೂ ದೇಶಕ್ಕೆ ಪೂರ್ತಿ ಒಂದೊಂದು. ಹೊರದೇಶದವರ ಜೊತೆ ಜಾಸ್ತಿ ಬರೆಯುವ ದೇಶ ಜಾಸ್ತಿ ಹಾರುತ್ತದೆ, ಅದಕ್ಕೇ ಸ್ವಿಟ್ಜರ್ಲೆಂಡ್. ಸೈಮಾಗೋದ ‘ಡಾಕ್ಯುಮೆಂಟ್ಸ್’ ಕಾಲಂನಲ್ಲಿ ಸಂಪಾದಕೀಯ, ಪತ್ರಗಳೂ ಸೇರಿರುತ್ತವೆ. ಕೊರಿಯಾ ಅಲ್ಲಿ ‘ಸೌತ್ ಕೊರಿಯಾ’, ಹೆಸರು ಕೂಡಲಿಲ್ಲ, ಗೆರೆ ತುಂಡಾಯಿತು. ಇರಾನ್ ಇದ್ದರೆ ಅದರ ಹೆಸರನ್ನೂ ನೋಡಿ.

ಎರಡನ್ನೂ ಒಂದೇ ಗೆರೆಗೆ ಹೊಲಿಯಬೇಡಿ. 2016ರಲ್ಲಿ ಚೀನಾ ಅಮೆರಿಕವನ್ನು ದಾಟಿತು ಅಂತ ಎನ್‌ಎಸ್‌ಎಫ್ ಹೇಳಿದ್ದು ಪಾಲಿನ ಲೆಕ್ಕದಲ್ಲಿ: ಚೀನಾ ಸುಮಾರು 4.26 ಲಕ್ಷ, ಅಮೆರಿಕ 4.09 ಲಕ್ಷ. ಪೂರ್ತಿ ಎಣಿಸಿದರೆ ದಾಟುವ ವರ್ಷವೇ ಮುಂದಕ್ಕೆ ಹೋಗುತ್ತದೆ. ಮಕ್ಕಳು ನೆನಪಿಡುವುದು ಆ ವರ್ಷವನ್ನೇ.

ಉಣಕಲ್_ಕ್ರಾಸ್: ಕೊರಿಯಾ ಕೂಡದಿದ್ದದ್ದು ಹೆಸರಿನ ಕಾಮಾದಿಂದಲೇ ಅಲ್ವಾ? ನಾನು ಹೇಳಿದ್ದು ಅದನ್ನೇ.

ಗದಗ_ಬೆಟಗೇರಿ: ಕಾಮಾ ತೆಗೆದರೂ ‘ರೆಪ್’ ಉಳಿಯುತ್ತದೆ ರೀ.

ಹಾವೇರಿ_ಏಲಕ್ಕಿ: ಏನೇ ಇರಲಿ, ಜನಸಂಖ್ಯೆಗೆ ಭಾಗಿಸದೆ ಇಂಥ ಗ್ರಾಫ್ ಹಾಕುವುದು ಸರಿಯಲ್ಲ. ನಾವು 140 ಕೋಟಿ, ಸ್ವಿಟ್ಜರ್ಲೆಂಡ್ ಒಂದು ಕೋಟಿಯೂ ಇಲ್ಲ.

ಉಣಕಲ್_ಕ್ರಾಸ್: ಒಟ್ಟು ಎಷ್ಟು ಅಂತ ಕೇಳಿದವರಿಗೆ ಒಟ್ಟೇ ಹೇಳಬೇಕು. ಭಾಗಿಸಿದ್ದು ಬೇರೆ ಪ್ರಶ್ನೆ.

ಕೆಲಗೇರಿ_ಕೆರೆ: ಹಳೆಯದನ್ನೆಲ್ಲ ಬಿಟ್ಟು ಹೊಸ ವಿಶ್ವಬ್ಯಾಂಕ್ ಫೈಲ್ ಒಂದರಿಂದಲೇ ಹಾಕಿದೆ. ಜಿಗಿತ ಹೋಯಿತು! ಕೊರಿಯಾ ಪೂರ್ತಿ ಬಂತು. ಗದಗದವರಿಗೆ ತುಂಬಾ ಥ್ಯಾಂಕ್ಸ್. ಒಂದು ಅನುಮಾನ: 2010ರ ಅಂಕಿ ಹಳೆ ಫೈಲ್‌ನಲ್ಲೊಂದು, ಹೊಸದರಲ್ಲೊಂದು ಇದೆ.

ಗದಗ_ಬೆಟಗೇರಿ: ಇರುತ್ತದೆ. ಸ್ಕೋಪಸ್ ಹಿಂದಿನ ವರ್ಷಗಳ ಪತ್ರಿಕೆಗಳನ್ನು ಆಮೇಲೂ ಸೇರಿಸುತ್ತದೆ. ಗುಣಮಟ್ಟ ಸಾಲದವನ್ನು ಎನ್‌ಎಸ್‌ಎಫ್ ಕೈಬಿಡುತ್ತದೆ. ಫ್ಲೆಕ್ಸ್ ಕೆಳಗೆ ಫೈಲ್ ಇಳಿಸಿದ ತಾರೀಖು, ‘ಪಾಲಿನ ಎಣಿಕೆ’ ಅನ್ನುವ ಮಾತು ಎರಡನ್ನೂ ಹಾಕಿಸಿ.

ನರಗುಂದ_ಕೋಟೆ: ಇದೇ ಥ್ರೆಡ್‌ನಲ್ಲಿ ಕೇಳುತ್ತೇನೆ. ನನಗೆ 1980ರಿಂದ ಬೇಕು. ಸೈಮಾಗೋ 1996ರಿಂದ ಮಾತ್ರ ಇದೆ. 1991ರವರೆಗಿನ ಸೋವಿಯತ್ ಒಕ್ಕೂಟದ ಅಂಕಿಯನ್ನು ರಷ್ಯಾದ ಗೆರೆಗೆ ಸೇರಿಸಬೇಕಾ, ಉಕ್ರೇನಿಗೂ ಹಂಚಬೇಕಾ? ಯಾರಾದ್ರೂ ಮಾಡಿದ್ದೀರಾ?