ಇಬ್ಬರ ತಂಡದ ರೆಡ್‌ಫಿಶ್ ಸ್ಪರ್ಧೆ: ಟೆಕ್ಸಾಸ್ ಹಿನ್ನೀರಿನಲ್ಲಿ ಗಾಳ ಹಾಕಿದವರ ಅನುಭವ

ಕೇಳಿದ್ದು

ಹ್ಯೂಸ್ಟನ್‌ನಲ್ಲಿದ್ದೇವೆ, ಊರು ಕುಂದಾಪುರ ಕಡೆ. ಗಾಳ ಹೊಸತಲ್ಲ, ಸ್ಪರ್ಧೆ ಹೊಸತು. ಸೆಪ್ಟೆಂಬರ್ ಕೊನೆಗೆ ಟೆಕ್ಸಾಸ್ ಕರಾವಳಿಯ ರಾಕ್‌ಪೋರ್ಟ್ ಹತ್ತಿರ ನಡೆಯುವ ಇಬ್ಬರ ತಂಡದ ರೆಡ್‌ಫಿಶ್ (ತಾಮ್ರಬಣ್ಣದ ಕರಾವಳಿ ಮೀನು) ಸ್ಪರ್ಧೆಗೆ ನಾನು, ನಮ್ಮ ಭಾವ ಹೆಸರು ಕೊಟ್ಟಿದ್ದೇವೆ. ತಂಡಕ್ಕೆ ಎರಡೇ ಮೀನು, ಟೆಕ್ಸಾಸ್ ಕಾನೂನಿನ 20ರಿಂದ 28 ಇಂಚಿನ ಒಳಗೆ. ಜೀವಂತ ತಂದರೆ ಪೂರ್ತಿ ತೂಕ, ಸತ್ತಿದ್ದರೆ ಕಡಿತ. ಕೃತಕ ಎರೆ ಮಾತ್ರ. ದೋಣಿ 20 ಅಡಿ, ಲೈವ್‌ವೆಲ್ (ಮೀನು ಬದುಕಿಸಿಡುವ ತೊಟ್ಟಿ) 30 ಗ್ಯಾಲನ್. ಮಧ್ಯಾಹ್ನ 3ಕ್ಕೆ ತೂಕ. ಎಲ್ಲಿ ಹುಡುಕಬೇಕು, ದೋಣಿಯಲ್ಲಿ ಯಾರು ಏನು ಮಾಡಬೇಕು, ಯಾವುದರಲ್ಲಿ ಎಡವುತ್ತೇವೆ, ತಿಳಿದವರು ಹೇಳಿ.

ತೂಕದ ಕಟ್ಟೆಯಲ್ಲಿ ಕೆಲಸ ಮಾಡಿದವರು

ಮೊದಲು ಅಳತೆಪಟ್ಟಿ ಕೊಳ್ಳಿ, ಆಮೇಲೆ ಉಳಿದದ್ದು. ಹೊಸ ತಂಡಗಳು ಸೋಲುವುದು ಮೀನು ಸಿಗದೆ ಅಲ್ಲ, 28 ಇಂಚಿನ ಗೆರೆಯ ಹತ್ತಿರ ತಪ್ಪಿ.

ಎರಡೇ ಮೀನಾದ್ದರಿಂದ ಎಲ್ಲರೂ ಹುಡುಕುವುದು ಗೆರೆಗೆ ಸ್ವಲ್ಪ ಒಳಗಿರುವ ಮೀನನ್ನು. ಆ ಉದ್ದದ ರೆಡ್‌ಫಿಶ್ ಸಾಮಾನ್ಯವಾಗಿ 7ರಿಂದ 9 ಪೌಂಡ್ ತೂಗುತ್ತದೆ. ಒಂದೇ ಉದ್ದದ ಎರಡು ಮೀನಿನ ನಡುವೆ ಇಷ್ಟು ವ್ಯತ್ಯಾಸ ಬರುವುದು ಹೊಟ್ಟೆ ಮತ್ತು ಬೆನ್ನಿನ ದಪ್ಪದಿಂದ. ಹಾಗಾಗಿ ಇಪ್ಪತ್ತೇಳೂವರೆ ಇಂಚಿನ ಗುಂಡನೆಯ ಮೀನು, ಪೂರಾ 28ರ ಬಡಕಲು ಮೀನಿಗಿಂತ ಹೆಚ್ಚು ತೂಗಬಹುದು. ಚಿಕ್ಕ ತಕ್ಕಡಿ ದೋಣಿಯಲ್ಲಿರಲಿ. ಕಣ್ಣಂದಾಜು ನಂಬಬೇಡಿ.

ಅಳೆಯುವುದು ಹೀಗೆ. ಪಟ್ಟಿಯನ್ನು ಸಮತಟ್ಟಾದ ಜಾಗದಲ್ಲಿಟ್ಟು ಸಮುದ್ರದ ನೀರು ಸುರಿದು ತಣ್ಣಗೆ ಮಾಡಿ. ಬಿಸಿ ಪಟ್ಟಿಯ ಮೇಲೆ ಮೀನು ಒದ್ದಾಡುತ್ತದೆ. ಒಬ್ಬರು ಮೂತಿಯನ್ನು ಅಡ್ಡಪಟ್ಟಿಗೆ ಒತ್ತಿ ಬಾಯಿ ಮುಚ್ಚಿ ಹಿಡಿಯಬೇಕು. ಇನ್ನೊಬ್ಬರು ಬಾಲದ ಎರಡೂ ತುದಿಗಳನ್ನು ಬೆರಳಲ್ಲಿ ಚಿವುಟಿ, ಅತಿ ಹೆಚ್ಚು ಉದ್ದ ಬರುವ ಹಾಗೆ ಹಿಡಿದು, ನೇರ ಮೇಲಿನಿಂದ ಓದಬೇಕು. ಓರೆಯಾಗಿ ನೋಡಿದರೆ ಕಾಲು ಇಂಚು ತಪ್ಪುತ್ತದೆ. ಈಗ ತಾನೇ ಹಿಡಿದ ಮೀನು ಮೈ ಬಿಗಿ ಮಾಡಿಕೊಂಡಿರುತ್ತದೆ. ನಾಲ್ಕು ಗಂಟೆ ತೊಟ್ಟಿಯಲ್ಲಿದ್ದು ಸಡಿಲವಾದ ಮೇಲೆ ಅದೇ ಮೀನು ಕೂದಲೆಳೆಯಷ್ಟು ಹೆಚ್ಚು ಉದ್ದ ಬರುತ್ತದೆ. ಬಾಲ ಗೆರೆಯನ್ನು ಮುಟ್ಟುವ ಮೀನನ್ನು ತರಬೇಡಿ. ಕನಿಷ್ಠ ಎಂಟನೇ ಒಂದು ಇಂಚು ಒಳಗಿರಲಿ. ಉದ್ದ ಮೀರಿದ ಮೀನನ್ನು ತಕ್ಕಡಿಗೇ ಏರಿಸುವುದಿಲ್ಲ, ಕೆಲವು ಸ್ಪರ್ಧೆಗಳಲ್ಲಿ ಮೇಲಿಂದ ದಂಡವೂ ಇದೆ.

ರಾಕ್‌ಪೋರ್ಟ್ ಪಕ್ಕದ ಅರಾನ್ಸಸ್ ಹಿನ್ನೀರಿನ ಕಡೆ ಹದಿನೈದು ವರ್ಷದಿಂದ ಗಾಳ ಹಾಕುವವರು

ಕುಂದಾಪುರದ ಅಳಿವೆಯ ಉಬ್ಬರ-ಇಳಿತದ ಲೆಕ್ಕವನ್ನು ಇಲ್ಲಿಗೆ ತರಬೇಡಿ. ಈ ಹಿನ್ನೀರಿನಲ್ಲಿ ಉಬ್ಬರಕ್ಕಿಂತ ಗಾಳಿಯ ಕೈ ದೊಡ್ಡದು. ದಕ್ಷಿಣಕ್ಕೆ ಲಗುನಾ ಮ್ಯಾಡ್ರೆ ಎಂಬ ಉದ್ದನೆಯ ಹಿನ್ನೀರಿಗೆ ಹೋದರಂತೂ ಉಬ್ಬರ ಇದೆಯೋ ಇಲ್ಲವೋ ಎನ್ನುವಷ್ಟು ಕಡಿಮೆ. ಆಗ್ನೇಯ ಗಾಳಿ ಕೆಲವು ದಿನ ಬೀಸಿದರೆ ನೀರು ಒಳಗೆ ತುಂಬಿಕೊಳ್ಳುತ್ತದೆ; ಉತ್ತರದಿಂದ ತಣ್ಣನೆ ಗಾಳಿ ನುಗ್ಗಿದರೆ ಹಿಂದಿನ ದಿನ ಮೊಣಕಾಲುದ್ದ ನೀರಿದ್ದ ಜಾಗದಲ್ಲಿ ಬೆಳಿಗ್ಗೆ ಬರೀ ಕೆಸರು.

ಸೆಪ್ಟೆಂಬರ್ ಕೊನೆಗೆ ಈ ಕರಾವಳಿಯಲ್ಲಿ ನೀರಿನ ಮಟ್ಟ ವರ್ಷದಲ್ಲೇ ಹೆಚ್ಚು. ಮೀನು ದಡದ ಹುಲ್ಲಿನೊಳಕ್ಕೆ, ಒಳಕೊಳಗಳಿಗೆ ಹರಡಿಕೊಳ್ಳುತ್ತದೆ. ಆ ದಿನಗಳಲ್ಲಿ ಬೇಗ ಬೇಗ ಜಾಗ ನೋಡುತ್ತಾ ಹೋಗಬೇಕು. ಅಷ್ಟರಲ್ಲಿ ಉತ್ತರದ ಗಾಳಿ ಬಂದು ನೀರು ಇಳಿಯಿತೆಂದರೆ ಎಲ್ಲವೂ ತೋಡುಗಳ ಬಾಯಿಗೆ ಬಂದು ನಿಲ್ಲುತ್ತವೆ, ಆಗ ಒಂದೇ ಕಡೆ ತಾಳ್ಮೆಯಿಂದ ಹಾಕಬೇಕು. ಅಂದರೆ ನಿಮಗೆ ಎರಡು ಯೋಜನೆ ಬೇಕು, ನೀರು ಏರಿದ್ದರೆ ಒಂದು, ಇಳಿದಿದ್ದರೆ ಇನ್ನೊಂದು. ಯಾವುದು ಎಂದು ಹಿಂದಿನ ರಾತ್ರಿ ಗಾಳಿ ನೋಡಿ ತೀರ್ಮಾನಿಸಿ.

ಸಮುದ್ರಕ್ಕೆ ತೆರೆಯುವ ಬಾಯಿಗಳ ಹತ್ತಿರ ಆ ತಿಂಗಳು ಭಾರಿ ಮೀನು ಗುಂಪುಗೂಡಿರುತ್ತವೆ, ಮೊಟ್ಟೆಯ ಕಾಲ. ಅವೆಲ್ಲ 28 ಇಂಚು ಮೀರಿದ್ದು. ನಿಮ್ಮ ಸ್ಪರ್ಧೆಗೆ ಉಪಯೋಗವಿಲ್ಲ, ಹೊತ್ತು ತಿನ್ನುತ್ತವೆ.

ಕಣ್ಣಿಗೆ ಬೀಳುವ ಗುರುತು: ತೆಳುನೀರಿನಲ್ಲಿ ವಿ ಆಕಾರದ ಅಲೆ ಮುಂದೆ ಸರಿಯುವುದು, ಮೀನು ತಲೆ ಕೆಳಗೆ ಮಾಡಿ ತಿನ್ನುವಾಗ ತಾಮ್ರದ ಬಣ್ಣದ ಬಾಲ, ಬುಡದಲ್ಲಿ ಕಪ್ಪು ಚುಕ್ಕಿ, ನೀರಿನ ಮೇಲೆ ತೂಗುವುದು, ದಡದ ಅಂಚಿಗೆ ಸಿಗಡಿ ಸಿಡಿಯುವುದು. ನೀರಿನ ಮೇಲಿನ ಹೊಳಪು ತಡೆಯುವ ಕಂದು ಗಾಜಿನ ಪೋಲರೈಸ್ಡ್ ಕನ್ನಡಕ ಇಬ್ಬರಿಗೂ ಕಡ್ಡಾಯ. ಎರೆಯನ್ನು ಮೀನಿನ ತಲೆಯ ಮೇಲೆ ಎಸೆಯಬೇಡಿ. ಅದು ಹೋಗುವ ದಾರಿಯಲ್ಲಿ ಐದಾರು ಅಡಿ ಮುಂದೆ, ಸ್ವಲ್ಪ ಆಚೆ ಬೀಳಿಸಿ, ದಾರಿಗೆ ಅಡ್ಡ ಎಳೆದು ತನ್ನಿ.

ಪೂರ್ವತಯಾರಿಗೆ ಹೋದಾಗ ಮೀನು ಹಿಡಿಯಬೇಡಿ. ಕೊಕ್ಕೆಯ ಮೊನೆ ಕತ್ತರಿಸಿದ ಎರೆ ಎಸೆಯಿರಿ. ಹೊಡೆತ ಬಿತ್ತೆಂದರೆ ಗುರುತು ಹಾಕಿಕೊಂಡು ಹೊರಡಿ. ವಾರದ ಹಿಂದೆ ನೀವೇ ಬಾಯಿ ಚುಚ್ಚಿದ ಮೀನು ಸ್ಪರ್ಧೆಯ ದಿನ ಬಾಯಿ ತೆರೆಯುವುದು ಅನುಮಾನ.

ಜೋಡಿಯಾಗಿ ಸ್ಪರ್ಧಿಸುವವರು

ದೋಣಿಯಲ್ಲಿ ಕೆಲಸ ಹಂಚಿಕೊಳ್ಳುವುದನ್ನು ದಡದಲ್ಲೇ ಮುಗಿಸಿ. ಮುಂದೆ ನಿಂತವರದ್ದು ಟ್ರೋಲಿಂಗ್ ಮೋಟಾರ್ (ಸದ್ದಿಲ್ಲದೆ ನಿಧಾನ ಸಾಗಿಸುವ ಚಿಕ್ಕ ವಿದ್ಯುತ್ ಮೋಟಾರ್), ದಿಕ್ಕು, ಮೊದಲ ಎಸೆತ. ಹಿಂದೆ ನಿಂತವರದ್ದು ಲಂಗರು, ಬಲೆ, ಗಡಿಯಾರ. ಮೀನು ಕಂಡವರು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಹೇಳಬೇಕು: "ಹತ್ತು ಗಂಟೆ, ನಲವತ್ತಡಿ, ಎಡಕ್ಕೆ ಹೋಗ್ತಿದೆ." "ಅಗೋ ಅಲ್ಲಿ" ಎಂದರೆ ಇನ್ನೊಬ್ಬರು ತಿರುಗಿ ನೋಡುವಷ್ಟರಲ್ಲಿ ಮೀನು ಹೋಗಿರುತ್ತದೆ.

ಇಬ್ಬರೂ ಒಂದೇ ಎರೆ ಹಾಕಬೇಡಿ. ಮುಂದಿನವರು ಹುಲ್ಲಿಗೆ ಸಿಕ್ಕಿಕೊಳ್ಳದ ಕಾಲು ಔನ್ಸ್ ಚಿನ್ನದ ಬಣ್ಣದ ಸ್ಪೂನ್ (ಚಮಚದಂಥ ಲೋಹದ ಎರೆ) ಎಸೆದು ಬೇಗ ಜಾಗ ಜಾಲಾಡಲಿ. ಹಿಂದಿನವರು ಎಂಟನೇ ಒಂದು ಔನ್ಸ್ ಜಿಗ್ ತಲೆಗೆ (ತೂಕದ ಗುಂಡು ಕೂಡಿದ ಕೊಕ್ಕೆ) ಮೂರೂವರೆ ಇಂಚಿನ ರಬ್ಬರ್ ಮೀನು ಸಿಕ್ಕಿಸಿ, ಅದೇ ದಾರಿಯಲ್ಲಿ ನಿಧಾನ ಎಳೆಯಲಿ. ನೀರು ಕಲಕಿದ್ದರೆ ಸದ್ದು ಮಾಡುವ ಪಾಪಿಂಗ್ ಕಾರ್ಕ್, ಅದರ ಕೆಳಗೆ ಒಂದೂವರೆ ಅಡಿಗೆ ರಬ್ಬರ್ ಸಿಗಡಿ. ಏಳಡಿ ಮೀಡಿಯಂ ಕೋಲು, 3000 ಅಳತೆಯ ರೀಲು, 20 ಪೌಂಡ್ ಬ್ರೇಡ್ (ಹೆಣೆದ) ದಾರ, ತುದಿಗೆ ಎರಡಡಿ 25 ಪೌಂಡ್ ಫ್ಲೋರೋಕಾರ್ಬನ್ ಎಂಬ ಪಾರದರ್ಶಕ ದಾರ ಸಾಕು. ಆಯ್ಸ್ಟರ್ ಚಿಪ್ಪಿನ ದಿಬ್ಬದ ಹತ್ತಿರ ಆ ಎರಡಡಿಯನ್ನು ಪ್ರತಿ ಮೀನಿನ ಬಳಿಕ ಬೆರಳಲ್ಲಿ ಸವರಿ ನೋಡಿ. ಒರಟಾಗಿದ್ದರೆ ಕತ್ತರಿಸಿ ಮತ್ತೆ ಕಟ್ಟಿ.

ಮೀನು ಕಚ್ಚಿದ ಕ್ಷಣ, ತಳಕ್ಕೆ ಚುಚ್ಚಿ ದೋಣಿ ನಿಲ್ಲಿಸುವ ಲಂಗರಿನ ಕಂಬ ಇಳಿಸಿ. ಇಲ್ಲದಿದ್ದರೆ ಗಾಳಿ ದೋಣಿಯನ್ನು ಗುಂಪಿನ ಮೇಲೆಯೇ ತಳ್ಳಿ, ಇರುವ ಮೀನನ್ನೆಲ್ಲ ಓಡಿಸುತ್ತದೆ. ಇವು ಗುಂಪಿನಲ್ಲಿ ತಿರುಗುವುದರಿಂದ ಇನ್ನೊಬ್ಬರು ತಕ್ಷಣ ಕಚ್ಚಿದ ಮೀನಿನ ಹಿಂದಕ್ಕೆ ಒಂದು ಎಸೆತ ಹಾಕಬೇಕು. ಒಂದೇ ಎಸೆತ. ಮೊದಲ ಮೀನು ಇಪ್ಪತ್ತಡಿಗೆ ಬಂತೆಂದರೆ ಕೋಲು ಕೆಳಗಿಟ್ಟು ಬಲೆ ಕೈಗೆ. ಬಲೆಯನ್ನು ನೀರಿನಲ್ಲಿ ಮುಳುಗಿಸಿ ಹಿಡಿದಿರಿ, ಮೀನನ್ನು ತಲೆ ಮುಂದಾಗಿ ಅದರೊಳಕ್ಕೆ ಎಳೆದು ತರುವುದು ಕೋಲು ಹಿಡಿದವರ ಕೆಲಸ. ಬಾಲದ ಕಡೆಯಿಂದ ಬಲೆ ತಗುಲಿತೋ, ಮೀನು ಹೊಸದಾಗಿ ಓಡುತ್ತದೆ, ಸಡಿಲವಾಗಿದ್ದ ಕೊಕ್ಕೆ ಆಗಲೇ ಕಳಚುವುದು. ಬಲೆ ರಬ್ಬರಿನದ್ದೇ ಇರಲಿ. ಗಂಟಿನ ನೈಲಾನ್ ಬಲೆ ಮೈಯ ಲೋಳೆ ಕೆರೆದು ಹಾಕುತ್ತದೆ.

ಕೇಳಿದವರಿಂದ ಮತ್ತೆ

ತುಂಬಾ ಉಪಕಾರ. ಬೆಳಿಗ್ಗೆ 8ಕ್ಕೆ ಮೀನು ಸಿಕ್ಕಿದರೆ 3ರ ತನಕ ಬದುಕಿಸುವುದು ಹೇಗೆ? ಐಸ್ ಹಾಕಬಹುದೇ?

ಅದೇ ತೂಕದ ಕಟ್ಟೆಯವರು

ಹಾಕಬಹುದು, ಬಾಟಲಿಯೊಳಗಿಟ್ಟು. ಅಂಗಡಿಯ ಐಸ್ ನೇರ ಸುರಿದರೆ ನಲ್ಲಿನೀರಿನ ಕ್ಲೋರಿನ್ ಸೇರಬಹುದು, ಉಪ್ಪಿನಂಶವೂ ಇಳಿಯುತ್ತದೆ. ಅರ್ಧ ಗ್ಯಾಲನ್ ಹಾಲಿನ ಕ್ಯಾನಿನಲ್ಲಿ ಗಟ್ಟಿಯಾದ ಮಂಜು ಪೂರ್ತಿ ಕರಗಿದರೆ 30 ಗ್ಯಾಲನ್ ನೀರು ಹೆಚ್ಚುಕಡಿಮೆ 3 ಡಿಗ್ರಿ ಫ್ಯಾರನ್‌ಹೀಟ್ ಇಳಿಯುತ್ತದೆ. ಹೊರಗಿನ ನೀರಿಗಿಂತ ಐದಾರು ಡಿಗ್ರಿ ತಂಪು ಸಾಕು. ಒಮ್ಮೆಲೇ ಹತ್ತು ಹನ್ನೆರಡು ಇಳಿಸಿದರೆ ಆ ಆಘಾತಕ್ಕೇ ಸಾಯುತ್ತದೆ. ಆರು ಕ್ಯಾನ್ ಒಯ್ಯಿರಿ, ಒಂದೊಂದಾಗಿ ಹಾಕಿ. ತಂಪು ನೀರು ಆಮ್ಲಜನಕ ಹೆಚ್ಚು ಹಿಡಿದಿಡುತ್ತದೆ, ಗುಟ್ಟು ಅಷ್ಟೇ.

ದೋಣಿ ನಿಂತಿದ್ದಾಗ ಹೊಸ ನೀರು ಒಳಗೆ ಬರುತ್ತಿರಲಿ. ವೇಗವಾಗಿ ಓಡುವಾಗ ಕೆಲವು ದೋಣಿಗಳಲ್ಲಿ ಪಂಪಿನ ಬಾಯಿ ನೀರಿನಿಂದ ಮೇಲೆದ್ದು ಗಾಳಿ ಎಳೆಯುತ್ತದೆ. ಹೊರಡುವ ಮೊದಲು ಒಳಗಿನ ನೀರನ್ನೇ ತಿರುಗಿಸುವ ಸ್ವಿಚ್ ಹಾಕಿ, ಅದಿಲ್ಲದಿದ್ದರೆ ನೀರಿಗೆ ಗಾಳಿಗುಳ್ಳೆ ಬಿಡುವ ಬ್ಯಾಟರಿಯ ಗಾಳಿಕಲ್ಲು ಒಂದು ಬಿಡಿ ಇಟ್ಟುಕೊಳ್ಳಿ. ಕಡಲಹುಲ್ಲು ಜಾಲರಿಗೆ ಅಂಟಿ ಪಂಪು ಸುಮ್ಮನಾಗುವುದು ಇಲ್ಲಿ ದಿನವೂ ಆಗುವ ತೊಂದರೆ, ಅರ್ಧ ಗಂಟೆಗೊಮ್ಮೆ ಮುಚ್ಚಳ ಎತ್ತಿ ನೋಡಿ. ಮೀನು ಒಂದು ಬದಿಗೆ ವಾಲಿದರೆ ತಡ ಮಾಡದೆ ಅರ್ಧ ನೀರು ಬದಲಿಸಿ. ದಕ್ಕೆ ಸೇರುವ ಮೊದಲೇ ಶುದ್ಧ ನೀರು ತುಂಬಿಕೊಳ್ಳಿ. ದೋಣಿ ಕಟ್ಟುವ ಜಾಗದ ನಿಂತ ನೀರನ್ನು ತೊಟ್ಟಿಗೆ ಎಳೆಯಬಾರದು.

ದೋಣಿ ರಿಪೇರಿ ಮಾಡುವವರು

ವಾಪಸು ದಾರಿಯ ಲೆಕ್ಕ ಹಾಕಿದ್ದೀರಾ? 25 ಮೈಲಿಯನ್ನು ಬೆಳಿಗ್ಗೆ ಗಂಟೆಗೆ 30ರಂತೆ 50 ನಿಮಿಷದಲ್ಲಿ ಮುಗಿಸುತ್ತೀರಿ. ಮಧ್ಯಾಹ್ನ ಆಗ್ನೇಯ ಗಾಳಿ ಎದ್ದು, ಆಳವಿಲ್ಲದ ನೀರಿನ ಗಿಡ್ಡ ಅಲೆಗಳಲ್ಲಿ 15ಕ್ಕೆ ಇಳಿದರೆ ಅದೇ ದಾರಿ 100 ನಿಮಿಷ. 3ಕ್ಕೆ ತೂಕವಾದರೆ ಅಷ್ಟು ದೂರದಿಂದ 1ಕ್ಕೆ ಹೊರಡಿ, ಇಂಧನವನ್ನೂ ಇದೇ ಲೆಕ್ಕದಲ್ಲಿ ತುಂಬಿಸಿ.

ಎಂಜಿನ್ ನಿಲ್ಲಿಸುವ ಕೊಂಡಿ ಚಾಲಕನ ಮೈಗೆ ಸಿಕ್ಕಿಸಿರಬೇಕು. 26 ಅಡಿಗಿಂತ ಚಿಕ್ಕ ದೋಣಿಗಳಿಗೆ 2021ರ ಏಪ್ರಿಲ್‌ನಿಂದ ಅಮೆರಿಕದಲ್ಲಿ ಕಡ್ಡಾಯ. ಇನ್ನೊಂದು: ತೆಳುನೀರಿನಲ್ಲಿ ಪ್ರೊಪೆಲ್ಲರ್‌ನಿಂದ ಕಡಲಹುಲ್ಲನ್ನು ಬೇರು ಸಮೇತ ಕೀಳುವುದು ಟೆಕ್ಸಾಸ್‌ನಲ್ಲಿ 2013ರಿಂದ ಅಪರಾಧ. ಹುಲ್ಲಿನ ಮೇಲೆ ಎಂಜಿನ್ ಎತ್ತಿಟ್ಟು ಕೋಲಿನಿಂದ ತಳ್ಳಿಕೊಂಡು ಹೋಗಿ. ಆ ಹುಲ್ಲಿರುವುದರಿಂದಲೇ ಅಲ್ಲಿ ಸಿಗಡಿ, ಏಡಿ, ಮೀನು ಇರುವುದು.

ಕಾಗದಪತ್ರ ನೋಡಿಕೊಳ್ಳುವವರು

ಟೆಕ್ಸಾಸ್‌ನ ಮಾಮೂಲಿ ಮೀನು ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಬೇಸಿಗೆಯಲ್ಲಿ ಕೊಂಡದ್ದನ್ನೇ ಜೇಬಿನಲ್ಲಿಟ್ಟು ಸೆಪ್ಟೆಂಬರ್‌ನಲ್ಲಿ ನೀರಿಗಿಳಿಯುವವರು ಪ್ರತಿ ವರ್ಷ ಸಿಗುತ್ತಾರೆ. ಇಬ್ಬರಿಗೂ ಬೇರೆ ಬೇರೆ ಲೈಸೆನ್ಸ್, ಉಪ್ಪುನೀರಿನ ಪರವಾನಗಿ ಸೇರಿದ್ದೇ ಬೇಕು. ದೋಣಿ ಓಡಿಸುವವರು 1993ರ ಸೆಪ್ಟೆಂಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಾದರೆ ದೋಣಿ ಶಿಕ್ಷಣದ ಪ್ರಮಾಣಪತ್ರವೂ ಬೇಕು.

ಸ್ಪರ್ಧೆಯ ನಿಯಮದಲ್ಲಿ ಮೂರು ಸಾಲು ಹುಡುಕಿ ಓದಿ: ತೊಟ್ಟಿಯ ಮೀನನ್ನು ದೊಡ್ಡದಕ್ಕೆ ಬದಲಿಸಬಹುದೇ, ಇನ್ನೊಂದು ತಂಡದ ಜೊತೆ ಫೋನಿನಲ್ಲಿ ಜಾಗದ ಮಾತು ಆಡಬಹುದೇ, ಇಬ್ಬರೂ ಒಂದೇ ದೋಣಿಯಲ್ಲಿ ಇರಲೇಬೇಕೇ ಅಥವಾ ಇಳಿದು ನಡೆಯಬಹುದೇ. ಗೆದ್ದವರನ್ನು ಪಾಲಿಗ್ರಾಫ್ (ಸುಳ್ಳು ಪತ್ತೆ) ಪರೀಕ್ಷೆಗೆ ಕೂರಿಸುವ ಸ್ಪರ್ಧೆಗಳಿವೆ. ಗೊತ್ತಿಲ್ಲದೆ ಮುರಿದ ನಿಯಮಕ್ಕೂ ಬಹುಮಾನ ಹೋಗುತ್ತದೆ.

ಜೋಡಿಯಾಗಿ ಸ್ಪರ್ಧಿಸುವವರು

ಇಳಿದು ನಡೆಯುವ ಮಾತು ಬಂದದ್ದಕ್ಕೆ ಒಂದು ಸೇರಿಸುತ್ತೇನೆ. ಕಾಲು ಎತ್ತಿಡದೆ ಕೆಸರಿನ ಮೇಲೆ ಜಾರಿಸುತ್ತಾ ನಡೆಯಿರಿ, ತೊರಕೆ ಮೀನು ಸರಿದು ದಾರಿ ಬಿಡುತ್ತದೆ. ತುಳಿದರೆ ಬಾಲದ ಮುಳ್ಳು ಕಣಕಾಲಿಗೆ. ಕಾಲಲ್ಲಿ ಗಾಯವಿದ್ದರೆ ಇಳಿಯಲೇಬೇಡಿ. ಬೆಚ್ಚನೆ ಉಪ್ಪುನೀರಿನಲ್ಲಿ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಇರುತ್ತದೆ, ಗಾಯದ ಮೂಲಕ ಹೊಕ್ಕರೆ ಪ್ರಾಣಕ್ಕೇ ಕುತ್ತು, ಲಿವರ್ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೂ ಹೆಚ್ಚು. ಚಿಪ್ಪು ಕೊಯ್ದರೆ ಅಲ್ಲೇ ಸಿಹಿನೀರು, ಸೋಪಿನಿಂದ ತೊಳೆದು ಕಟ್ಟಿ. ಸಂಜೆಯೊಳಗೆ ಕೆಂಪೇರಿ ಬಾತು ನೋವು ಜಾಸ್ತಿಯಾದರೆ ಬೆಳಗಾಗಲೆಂದು ಕಾಯದೆ ನೇರ ಎಮರ್ಜೆನ್ಸಿಗೆ ಹೋಗಿ, ಸಮುದ್ರದ ನೀರು ತಗುಲಿದ ಗಾಯ ಎಂದು ಮೊದಲೇ ಹೇಳಿ.