ಅಪ್‌ಡೇಟ್: ಸಿವಿಕ್ ಟೈಪ್ ಆರ್, ಜಿಆರ್ ಯಾರಿಸ್ ಎರಡನ್ನೂ ಓಡಿಸಿದ ಮೇಲೆ
ವೇಲ್ಸ್‌ನ ತಿರುವು ರಸ್ತೆಗಳಿಗೆ ಮುಂಚಕ್ರ ಚಾಲನೆಯ ಹೋಂಡಾ ಸಿವಿಕ್ ಟೈಪ್ ಆರ್ ಸೂಕ್ತವೋ, ನಾಲ್ಕೂ ಚಕ್ರಗಳಿಗೆ ಶಕ್ತಿ ನೀಡುವ ಟೊಯೋಟಾ ಜಿಆರ್ ಯಾರಿಸ್ ಸೂಕ್ತವೋ ಎಂದು ಕೇಳಿದ್ದೆ. ಒಣ ರಸ್ತೆಯಲ್ಲಿ ಸಿವಿಕ್ ನನ್ನ ಅನುಮಾನವನ್ನು ಅಳಿಸಿತು: ತಿರುಗುವ ಮತ್ತು ಎಳೆಯುವ ಎರಡೂ ಹೊರೆ ಮುಂದಿನ ಚಕ್ರಗಳ ಮೇಲಿದ್ದರೂ, ತಿರುವಿನ ನಡುವೆ ಆಕ್ಸಿಲರೇಟರ್ ಒತ್ತಿದಾಗ ಅದರ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಎಡ-ಬಲ ಚಕ್ರಗಳಿಗೆ ಬಲ ಹಂಚುವ ಸಾಧನ) ಹೊರಬದಿಯ ಚಕ್ರಕ್ಕೆ ಹೆಚ್ಚು ಬಲ ಕೊಟ್ಟು ಕಾರಿನ ಮೂತಿಯನ್ನು ಒಳಕ್ಕೆಳೆಯುತ್ತದೆ. ಮಳೆಯಲ್ಲಿ ಮಾತೇ ಬೇರೆ. ಎರಡನೇ ಗೇರಿನಲ್ಲಿ ಸಿವಿಕ್‌ನ ಚಕ್ರಗಳು ಜಾರಿದ ತಿರುವಿನಿಂದಲೇ, ಸ್ಪೋರ್ಟ್ ಮೋಡ್‌ನಲ್ಲಿ ಶೇ 70ರಷ್ಟು ಟಾರ್ಕನ್ನು (ಚಕ್ರ ತಿರುಗಿಸುವ ಬಲವನ್ನು) ಹಿಂದಿನ ಚಕ್ರಗಳಿಗೆ ಕಳಿಸುವ ಯಾರಿಸ್ (ನಾನು ಓಡಿಸಿದ್ದು 2020ರಲ್ಲಿ ಬಂದ ಮೊದಲ ಮಾದರಿ) ಹಿಡಿತ ಬಿಡದೆ ಹೊರಬಂತು. ಬ್ರೇಕ್ ಹಾಕುವಾಗ ಮಾತ್ರ ಆ ಅನುಕೂಲ ಸಿಗದು. ಅಲ್ಲಿ ಟೈರೇ ಮುಖ್ಯ. ನಾನು ದಿನವೂ ಓಡಾಡುವ ರಸ್ತೆ ಬಹುಕಾಲ ಒದ್ದೆಯಾಗಿರುವುದರಿಂದ ಯಾರಿಸ್‌ಗೇ ಮುಂಗಡ ಕೊಟ್ಟಿದ್ದೇನೆ.